ಎಡಗಡೆಯ ಸೀಟು

ಷೋರೂಮಿನ ನಡುವೆ ನಾಲ್ಕೂ ಬಾಗಿಲು ತೆರೆದಿಟ್ಟಿದ್ದ ಬೂದು ಬಣ್ಣದ ಕಾರಿನ ಹತ್ತಿರ ಬಂದವಳೇ ಹೆಂಡತಿ ಹಿಂದಿನ ಸೀಟಿಗೆ ಹತ್ತಿ ಕೂತುಬಿಟ್ಟಳು. ಅದೂ ಬಲಗಡೆ, ಡ್ರೈವರ್ ಬೆನ್ನ ಹಿಂದೆ. ಅವಳ ಗಂಡ, ಕನ್ನಡಕದಂಗಡಿಯವನು, ಅವಳಿಗಾಗಿಯೇ ಮುಂದಿನ ಎಡ ಬಾಗಿಲನ್ನು ಹಿಡಿದು ನಿಂತಿದ್ದ. ಹಿಡಿದ ಬಾಗಿಲನ್ನು ಏನು ಮಾಡುವುದೆಂದು ತಿಳಿಯದೆ ಒಮ್ಮೆ ಮುಚ್ಚಿದ, ಒಮ್ಮೆ ತೆರೆದ. "ಸದ್ದು ಗಟ್ಟಿಯಾಗಿದೆ, ತಗಡಿನ ಸದ್ದಲ್ಲ," ಎಂದ, ಅದನ್ನು ನೋಡಲೆಂದೇ ಹಿಡಿದಿದ್ದವನ ಹಾಗೆ.

ಗಂಡಹೆಂಡಿರ ನಡುವೆ ಮಾತು ನಿಂತಿದೆ ಎಂದು ಯಾರಾದರೂ ಹೇಳಿದ್ದರೆ ಇಬ್ಬರೂ ಒಪ್ಪುತ್ತಿರಲಿಲ್ಲ. ಮಾತಿಗೇನು, ಬೇಕಾದಷ್ಟಿತ್ತು. ನಲ್ಲಿ ಸೋರುತ್ತಿದೆ, ಗ್ಯಾಸು ಮುಗಿಯಿತು, ಇವತ್ತು ಬರುವುದು ತಡ. ಆದರೆ ಅಪಘಾತವಾಗಿ ವರ್ಷದ ಮೇಲಾಗಿದ್ದರೂ ಅವಳು ಒಮ್ಮೆಯೂ ಅವನ ಪಕ್ಕದ ಸೀಟಿನಲ್ಲಿ ಕೂತಿರಲಿಲ್ಲ. ಹಳೆಯ ಕಾರು ಗುಜರಿಗೆ ಹೋಗಿತ್ತು. ಆಮೇಲೆ ಭಾಮೈದನ ಕಾರನ್ನು ಎರವಲು ತಂದಾಗಲೆಲ್ಲ ಅವಳು ಹಿಂದೆ, ಅವಳ ಕೈಚೀಲ ಮುಂದೆ. ಚೀಲ ಸ್ವಲ್ಪ ಭಾರವಿದ್ದರೆ ಸಾಕು, ಬೆಲ್ಟು ಹಾಕಿಲ್ಲವೆಂದು ಕಾರು ಕೀಂ ಕೀಂ ಎಂದು ಬೊಬ್ಬೆ ಹೊಡೆಯುತ್ತಿತ್ತು. ಅವನು ಚೀಲಕ್ಕೆ ಬೆಲ್ಟು ಹಾಕಿ ಗಾಡಿ ಓಡಿಸುತ್ತಿದ್ದ.

ಹೊಸ ಕಾರಿನ ನೆಪದಲ್ಲಾದರೂ ಅವಳನ್ನು ಮುಂದಕ್ಕೆ ಕರೆತರಬೇಕು, ಅವಳು ಪಕ್ಕದಲ್ಲಿ ಕೂರದ ಕಾರು ತನಗೆ ಬೇಡವೇ ಬೇಡ ಎಂದು ಅವನು ಮನಸ್ಸಿನಲ್ಲೇ ತೀರ್ಮಾನ ಮಾಡಿಕೊಂಡು ಬಂದಿದ್ದ. ಬಾಯಿ ಬಿಟ್ಟು ಹೇಳಿರಲಿಲ್ಲ ಅಷ್ಟೆ. ಹೊರಗೆ ಮೈಲೇಜು, ಇಂಜಿನ್ನು, ಡಿಕ್ಕಿಯ ಅಳತೆ ಎಂದು ವಾರಗಟ್ಟಲೆ ಎಲ್ಲರ ತಲೆ ತಿಂದಿದ್ದ.

ಹಾಗೆ ತಲೆ ತಿನ್ನಿಸಿಕೊಂಡವರಲ್ಲಿ ಮೊದಲನೆಯವನಾದ ಭಾಮೈದನೂ ಜೊತೆಗೆ ಬಂದಿದ್ದ. ಹೆಂಡತಿಯ ತಮ್ಮ. ನೀರೆತ್ತುವ ಪಂಪುಗಳ ವ್ಯಾಪಾರಿ. ಜಗತ್ತಿನ ಸಕಲ ವಸ್ತುಗಳನ್ನೂ ಹಾರ್ಸ್‌ಪವರಿನಲ್ಲಿ ಅಳೆಯುವವನಾದ್ದರಿಂದ ಮನೆಯವರೆಲ್ಲ ಅವನಿಗೆ ಹೆಚ್‌ಪಿ ಎಂದೇ ಹೆಸರಿಟ್ಟಿದ್ದರು. ಬಾಯಿ ಜೋರು, ಮನಸ್ಸು ಒಳ್ಳೆಯದು. ಆದರೆ ಎಲ್ಲಿ ಸುಮ್ಮನಿರಬೇಕು ಅನ್ನುವುದು ಅವನಿಗೆ ಯಾವತ್ತೂ ಹೊಳೆದದ್ದಿಲ್ಲ.

"ಭಾವ, ಸೀಟು ಗೀಟು ಆಮೇಲೆ. ಮೊದಲು ಬಾನೆಟ್ ಎತ್ತಿಸಿ," ಎಂದ.

"ಎತ್ತೋಣ ಸರ್, ಅದೇನೂ ಓಡಿಹೋಗಲ್ಲ," ಎಂದಳು ಮಾರಾಟದಾಕೆ. ನಡುವಯಸ್ಸಿನ, ದುಂಡು ಮೈಯ, ದಿನವಿಡೀ ನಿಂತೇ ಕೆಲಸ ಮಾಡುವ ಹೆಂಗಸು. ಅವಳು ಹಿಂದಿನ ಬಾಗಿಲಿಗೆ ಬಗ್ಗಿ, "ಹೇಗಿದೆ ಮೇಡಂ, ಕಾಲಿಗೆ ಜಾಗ ಸಾಕಾ?" ಎಂದು ಕೇಳಿದಳು.

"ಪರವಾಗಿಲ್ಲ."

"ತಲೆ ಮೇಲಕ್ಕೆ ತಾಗುತ್ತಾ?"

"ಪರವಾಗಿಲ್ಲ."

"ನಿಮ್ಮ ಪರವಾಗಿಲ್ಲ ಅಂದ್ರೆ ಚೆನ್ನಾಗಿದೆ ಅಂತಲೋ, ಸಹಿಸ್ಕೋತೀನಿ ಅಂತಲೋ?"

ಹೆಂಡತಿ ನಕ್ಕಳು. ಅವಳು ಪ್ರಯೋಗಾಲಯವೊಂದರಲ್ಲಿ ಪರೀಕ್ಷೆಗೆ ರಕ್ತ ತೆಗೆಯುವವಳು. ಬೆಳಗಿನಿಂದ ಸಂಜೆಯವರೆಗೆ ಹೆದರಿದ ತೋಳುಗಳನ್ನು ಹಿಡಿದು "ಪರವಾಗಿಲ್ಲ, ಆಗೋಯ್ತು" ಎನ್ನುವುದೇ ಅವಳ ಕಸುಬು. ಆ ಮಾತು ಅವಳ ನಾಲಿಗೆಗೆ ಅಂಟಿಕೊಂಡು ಮನೆಗೂ ಬಂದಿತ್ತು. ಸಾರಿಗೆ ಉಪ್ಪು ಹೆಚ್ಚಾಗಿದ್ದರೂ ಪರವಾಗಿಲ್ಲ, ಗಂಡ ಹುಟ್ಟುಹಬ್ಬ ಮರೆತರೂ ಪರವಾಗಿಲ್ಲ. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದು, ಎಡ ಭುಜ, ಎಡ ಸೊಂಟ ಎರಡೂ ಮುರಿದಿವೆ ಎಂದು ತಿಳಿದಾಗ, ಮಂಚದ ಪಕ್ಕ ಅಳುತ್ತಾ ನಿಂತಿದ್ದ ಅವನಿಗೆ ಅವಳು ಹೇಳಿದ ಮೊದಲ ಮಾತೂ ಅದೇ.

ಕನ್ನಡಕದಂಗಡಿಯವನು ತನ್ನ ಅಂಗಡಿಯ ಪದ್ಧತಿಯನ್ನೇ ಇಲ್ಲೂ ಹೂಡಿದ. ಗಿರಾಕಿಯ ಮೂಗಿನ ಮೇಲೆ ಒಂದು ಗಾಜು ಇಟ್ಟು, ತೆಗೆದು, ಇನ್ನೊಂದು ಇಟ್ಟು, "ಇದು ಸ್ಪಷ್ಟವೋ, ಅದೋ?" ಎಂದು ಕೇಳುವುದು ಅವನ ದಿನನಿತ್ಯದ ಕೆಲಸ. ಇಲ್ಲಿ ಬಟ್ಟೆ ಸೀಟಿನದೊಂದು ಕಾರು, ತೊಗಲಿನ ಸೀಟಿನದೊಂದು ಕಾರು ಅಕ್ಕಪಕ್ಕ ನಿಂತಿದ್ದವು. ಅವಳನ್ನು ಅದರಿಂದ ಇಳಿಸಿ ಇದಕ್ಕೆ, ಇದರಿಂದ ಇಳಿಸಿ ಅದಕ್ಕೆ ಹತ್ತಿಸಿದ.

"ತೊಡೆಗೆ ಆಸರೆ ಇದರಲ್ಲಿ ಚೆನ್ನಾಗಿದೆಯೋ, ಅದರಲ್ಲೋ?"

"ಎರಡೂ ಒಂದೇ ಥರ."

"ಒಂದೇ ಥರ ಇರೋಕೆ ಸಾಧ್ಯವೇ ಇಲ್ಲ. ಇದರಲ್ಲಿ ಮೆತ್ತೆ ಉದ್ದ ಇದೆ. ಸೊಂಟಕ್ಕೆ ನೋವಾಗುತ್ತಾ?"

"ಇಲ್ಲ ರೀ."

"ಹಾಗಾದ್ರೆ ಮುಂದೆ ಒಂದು ಸಲ ಕೂತು ನೋಡು. ಮುಂದಿನ ಸೀಟು ಮೇಲೆ ಕೆಳಗೆ ಆಗುತ್ತಂತೆ. ಸೊಂಟಕ್ಕೆ ಅದೇ ಒಳ್ಳೇದು."

ಈ ಮಾತನ್ನು ಅವನು ಎಷ್ಟು ಹಗುರಾಗಿ ಹೇಳಲು ನೋಡಿದನೆಂದರೆ ದನಿ ಕೀರಲಾಯಿತು. ಹೆಂಡತಿ ಎರಡೂ ಸೀಟುಗಳ ನಡುವಿನ ಸಂದಿಯಿಂದ ಮುಂದಿನ ಎಡ ಸೀಟನ್ನು ನೋಡಿದಳು. ಪ್ಲಾಸ್ಟಿಕ್ ಹೊದಿಕೆಯನ್ನೂ ಬಿಚ್ಚಿರದ, ಯಾರೂ ಕೂತಿರದ ಸೀಟು. ಅವಳ ಬಲಗೈ ತಾನಾಗಿ ಎಡ ಮೊಣಕೈಯನ್ನು ಹಿಡಿದುಕೊಂಡಿತು.

"ನಾನು ಹಿಂದೆ ತಾನೇ ಕೂರೋದು. ಹಿಂದಿನದು ಚೆನ್ನಾಗಿದ್ರೆ ಆಯ್ತು," ಎಂದಳು.

ಮಾರಾಟದಾಕೆ ಒಬ್ಬರ ಮುಖ ನೋಡಿ ಇನ್ನೊಬ್ಬರ ಮುಖ ನೋಡಿದಳು. ಷೋರೂಮಿನಲ್ಲಿ ನಿಂತು ನಿಂತು ಎಂಥೆಂಥ ಸಂಸಾರಗಳನ್ನು ಕಂಡವಳು. ಮಾತು ಬದಲಿಸಿ ಬಾನೆಟ್ ಎತ್ತಿಸಿದಳು. ಇಂಜಿನ್ನಿನಲ್ಲಿ ಎರಡು ಬಗೆಯಿತ್ತು. ಒಂದು ಸಾದಾ ಪೆಟ್ರೋಲು, ನಾಲ್ಕು ಸಿಲಿಂಡರ್, ನಿಧಾನಸ್ಥ. ಇನ್ನೊಂದು ಟರ್ಬೊ, ಮೂರೇ ಸಿಲಿಂಡರ್, ಆದರೆ ಬಲ ಹೆಚ್ಚು. ಬಲ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಹೆಚ್‌ಪಿಯ ಮುಖ ಊರಗಲವಾಯಿತು.

"ಟರ್ಬೊನೇ ಭಾವ. ಯೋಚನೆನೇ ಮಾಡ್ಬೇಡಿ. ದಾಟೋವಾಗ, ಮುನ್ನುಗ್ಗೋವಾಗ ಪ್ರಾಣ ಉಳಿಸೋದು ಅದೇ."

"ಎರಡನ್ನೂ ಓಡಿಸಿ ನೋಡಿ ಸರ್. ಇದ್ಯಾವುದೂ ನಿಂತುಕೊಂಡು ಗೊತ್ತಾಗೋ ವಿಷಯ ಅಲ್ಲ," ಎಂದಳು ಮಾರಾಟದಾಕೆ.

ಇಲ್ಲಿ ಆ ದಿನದ ಸಂಗತಿಯನ್ನು ಹೇಳಿಬಿಡಬೇಕು, ಇಲ್ಲದಿದ್ದರೆ ಓಡಿಸಿ ನೋಡಿ ಎಂದದ್ದಕ್ಕೆ ಕನ್ನಡಕದಂಗಡಿಯವನು ಯಾಕೆ ಹಿಂದೆಮುಂದೆ ನೋಡಿದ ಎನ್ನುವುದು ತಿಳಿಯುವುದಿಲ್ಲ.

ಮದುವೆಯಾದ ಹೊಸದರಿಂದ ಅವರಿಬ್ಬರೂ ಸೇರಿಯೇ ಗಾಡಿ ಓಡಿಸುತ್ತಿದ್ದರು. ಸ್ಟಿಯರಿಂಗ್ ಹಿಡಿಯುತ್ತಿದ್ದವನು ಅವನೇ, ಆದರೆ ಬಲಗಡೆಯ ರಸ್ತೆ ಅವನದು, ಎಡಗಡೆಯದು ಅವಳದು. ನಾಲ್ಕು ರಸ್ತೆ ಕೂಡುವ ಕಡೆ ಅವನು ಬಲಕ್ಕೆ ನೋಡಿ "ಬಿಡ್ಲಾ?" ಎನ್ನುವನು. ಅವಳು ಎಡಕ್ಕೆ ನೋಡಿ ಹ್ಞೂಂ ಅಥವಾ ಉಹ್ಞೂಂ ಎನ್ನುವಳು. ಅವನು ಎಡಕ್ಕೆ ತಿರುಗಿಯೂ ನೋಡುತ್ತಿರಲಿಲ್ಲ. ಅವಳ ಮಾತಿನ ಮೇಲೆ ಅಷ್ಟು ಭರವಸೆ. ಊರಿನ ಕಣ್ಣುಗಳನ್ನೆಲ್ಲ ಪರೀಕ್ಷೆ ಮಾಡುವವನು ತನ್ನ ಎಡಗಣ್ಣನ್ನು ಹೆಂಡತಿಗೆ ಬರೆದುಕೊಟ್ಟಿದ್ದಾನೆ ಎಂದು ಅವಳ ಅಕ್ಕ ತಮಾಷೆ ಮಾಡುತ್ತಿದ್ದಳು.

ಅವತ್ತು ಆ ಅಕ್ಕನ ಮನೆಗೇ ಊಟಕ್ಕೆ ಹೊರಟಿದ್ದರು. ಹೊತ್ತಾಯಿತು ಎಂದು ಅವನು ದಾರಿಯುದ್ದಕ್ಕೂ ಗೊಣಗಿದ. ಅವರು ಕಾಯುತ್ತಿರುತ್ತಾರೆ, ಮುಖ ಊದಿಸಿಕೊಳ್ಳುತ್ತಾರೆ, ನಿನ್ನ ತಲೆ ಬಾಚುವುದು ಮುಗಿದರೆ ತಾನೇ ಎಂದೆಲ್ಲ. ಸಿಗ್ನಲ್ ಕೆಟ್ಟುನಿಂತ ಕೂಡುರಸ್ತೆಯೊಂದರಲ್ಲಿ ಬಲಕ್ಕೆ ನೋಡಿ "ಬಿಡ್ಲಾ?" ಎಂದ. ಅವಳು "ಪರವಾಗಿಲ್ಲ, ಬಿಡಿ" ಎಂದಳು. ಅವನು ಬಿಟ್ಟ. ಎಡಗಡೆಯಿಂದ ಬಂದ ಬ್ರೆಡ್ಡಿನ ವ್ಯಾನು ಅವಳ ಬಾಗಿಲಿಗೇ ಗುದ್ದಿತು.

ಅವಳು ಹಾಸಿಗೆ ಹಿಡಿದಿದ್ದ ತಿಂಗಳುಗಳಲ್ಲಿ ಕೇಳಿದವರಿಗೆಲ್ಲ ಅವನು ಹೇಳಿದ್ದು ಒಂದೇ ಮಾತು. "ಅವಳೇ ಬಿಡಿ ಅಂದ್ಳು. ಪಾಪ, ಅವಳಿಗೆ ಕಾಣಲಿಲ್ಲ." ಪೊಲೀಸಿನವರಿಗೂ ಅದೇ, ಭಾಮೈದನಿಗೂ ಅದೇ, ಅಂಗಡಿಯ ಗಿರಾಕಿಗಳಿಗೂ ಅದೇ. ಹೇಳುತ್ತಾ ಹೇಳುತ್ತಾ ಆ ಮಾತು ಅವನಿಗೆ ಒಳ್ಳೆಯ ದಿಂಬಾಯಿತು. ಅದರ ಮೇಲೆ ತಲೆಯಿಟ್ಟು ನಿದ್ದೆ ಮಾಡುತ್ತಿದ್ದ. ಅವಳ ಎದುರು ಮಾತ್ರ ಒಮ್ಮೆಯೂ ಅದನ್ನು ಆಡಲಿಲ್ಲ. ನೊಂದವಳನ್ನು ಮತ್ತೆ ನೋಯಿಸಬಾರದು, ತಾನೇ ದೊಡ್ಡ ಮನಸ್ಸು ಮಾಡಿ ನುಂಗಿಕೊಳ್ಳಬೇಕು ಎಂದುಕೊಂಡಿದ್ದ. ಹೆಂಡತಿಯನ್ನು ತಾನು ಕ್ಷಮಿಸಿಬಿಟ್ಟಿದ್ದೇನೆ ಎಂಬ ಹೆಮ್ಮೆಯೂ ಒಳಗೊಳಗೇ ಇತ್ತು. ಗಂಡಸರ ದೊಡ್ಡ ಮನಸ್ಸು ಎಷ್ಟೋ ಸಲ ಇಂಥದ್ದೇ ಆಗಿರುತ್ತದೆ.

ಮೊದಲು ಸಾದಾ ಇಂಜಿನ್ನಿನ ಕಾರು ಹೊರಟಿತು. ಮುಂದೆ ಎಡಕ್ಕೆ ಮಾರಾಟದಾಕೆ. ಅದು ಅವರ ಕಂಪನಿಯ ನಿಯಮ. ಹಿಂದೆ ಬಲಕ್ಕೆ ಹೆಂಡತಿ, ಅವಳ ಪಕ್ಕದಲ್ಲಿ ಹೆಚ್‌ಪಿ. ಕನ್ನಡಿಯಲ್ಲಿ ಅವನಿಗೆ ಅವಳ ಮುಖದ ಅಂಚು ಮಾತ್ರ ಕಾಣುತ್ತಿತ್ತು. ಒಂದು ಕಣ್ಣು, ಒಂದು ಕಿವಿ, ಕಿವಿಯ ಹಿಂದಿನ ನರೆಗೂದಲು.

ಕಾರು ಒಳ್ಳೆಯದೇ. ಇಂಜಿನ್ನಿನ ಸದ್ದು ಒಳಗೆ ಬರುತ್ತಲೇ ಇರಲಿಲ್ಲ. ರಸ್ತೆಯ ಗುಂಡಿಗಳು ಎಲ್ಲೋ ದೂರದಲ್ಲಿ ಯಾರಿಗೋ ಬಡಿಯುತ್ತಿದ್ದವು. "ಹಿಂದೆ ಗಾಳಿ ಬರ್ತಿದೆಯಾ ಮೇಡಂ? ಮಧ್ಯದಲ್ಲಿ ನಿಮಗೇ ಅಂತ ಎರಡು ಕಿಂಡಿ ಕೊಟ್ಟಿದಾರೆ," ಎಂದು ಮಾರಾಟದಾಕೆ ಹೇಳುತ್ತಿದ್ದಳು. ಹೆಂಡತಿ ಪರವಾಗಿಲ್ಲ ಎಂದಳು. ಹೆಚ್‌ಪಿ ಮಾತ್ರ ಕೂತಲ್ಲೇ ಮಿಸುಕಾಡುತ್ತಿದ್ದ. "ಏನು ಭಾವ ಇದು, ಕಾಲಡಿ ಬಸವನಹುಳು ಕಟ್ಟಿಕೊಂಡ ಹಾಗಿದೆ," ಎಂದ.

"ಮುಂದೆ ನಾಲ್ಕು ರಸ್ತೆ ಸೇರುತ್ತೆ ಸರ್. ನೇರ ಹೋಗಿ."

ಸಿಗ್ನಲ್ ಇರಲಿಲ್ಲ. ಕನ್ನಡಕದಂಗಡಿಯವನು ನಿಲ್ಲಿಸಿದ. ಬಲಕ್ಕೆ ನೋಡಿದ. ಬಲಗಡೆ ಖಾಲಿ. ಆಮೇಲೆ ತಾನು ಏನು ಮಾಡುತ್ತಿದ್ದೇನೆಂದು ತಿಳಿಯುವ ಮೊದಲೇ ಬಾಯಿ ತನ್ನ ಹಳೆಯ ಚಾಳಿಗೆ ಬಿದ್ದು "ಬಿಡ್ಲಾ?" ಎಂದಿತು.

"ಬಿಡಿ ಸರ್," ಎಂದಳು ಮಾರಾಟದಾಕೆ.

ಅವನ ಕಾಲು ಬ್ರೇಕಿನ ಮೇಲೆ ಕಲ್ಲಾಗಿ ಕೂತಿತು. ಕನ್ನಡಿಯಲ್ಲಿ ಹೆಂಡತಿಯ ಆ ಒಂದು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿತ್ತು. ಹಿಂದಿನಿಂದ ಒಂದು ಹಾರ್ನು, ಅದರ ಹಿಂದೆ ಇನ್ನೊಂದು. "ಖಾಲಿ ಇದೆ ಸರ್, ಬಿಡಿ, ಬಿಡಿ," ಎಂದು ಮಾರಾಟದಾಕೆ ಮತ್ತೆ ಹೇಳಿದಳು. ಅವನು ಸ್ಟಿಯರಿಂಗನ್ನು ಪೂರ್ತಿ ಎಡಕ್ಕೆ ತಿರುವಿ, ದಾಟುವ ಗೋಜಿಗೇ ಹೋಗದೆ, ಪಕ್ಕದ ರಸ್ತೆ ಹಿಡಿದು ಸುತ್ತುಬಳಸಿ ಷೋರೂಮಿಗೆ ವಾಪಸು ಬಂದ. ದಾರಿಯಲ್ಲಿ ಹೆಚ್‌ಪಿ ಕೂಡ ತುಟಿ ಬಿಚ್ಚಲಿಲ್ಲ ಎಂದರೆ ಕಾರಿನೊಳಗಿನ ಗಾಳಿ ಎಷ್ಟು ಬಿಗಿದಿತ್ತೆಂದು ಲೆಕ್ಕ ಹಾಕಬಹುದು.

ಅಲ್ಲಿಗೇ ನಿಲ್ಲಿಸಿ ಮನೆಗೆ ಹೋಗಿದ್ದರೆ ಆಗುತ್ತಿತ್ತು. ಅವನಿಗೂ ಹಾಗೇ ಅನ್ನಿಸಿತು. ಆದರೆ ಹೆಂಡತಿ ಒಂದು ಲೋಟ ನೀರು ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, "ಇನ್ನೊಂದನ್ನೂ ನೋಡಿಬಿಡೋಣ. ಇಷ್ಟು ದೂರ ಬಂದಿದ್ದೀವಿ," ಎಂದಳು. ಅವಳು ಅಂಥವಳೇ. ಹಲ್ಲು ಕಚ್ಚಿಕೊಂಡಾದರೂ ಹಿಡಿದ ಕೆಲಸ ಮುಗಿಸುವವಳು. ಅವಳ ಆ ಗುಣ ಅವನಿಗೆ ಯಾವಾಗಲೂ ಇಷ್ಟ, ಯಾವಾಗಲೂ ಭಯ.

ಟರ್ಬೊ ಬೇರೆಯೇ ಪ್ರಾಣಿ. ಕಾಲೊತ್ತಿದರೆ ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೊಂದಿಷ್ಟು ಒತ್ತುವಷ್ಟರಲ್ಲಿ ಬೆನ್ನಿಗೆ ಗುದ್ದು ಕೊಟ್ಟು ನುಗ್ಗುತ್ತಿತ್ತು. ಮೂರು ಸಿಲಿಂಡರಿನ ನಡುಕ ಸೀಟಿನ ಬುಡಕ್ಕೆ ಬರುತ್ತಿತ್ತು. ಅವನಿಗೆ ಮೊದಲ ಕಾರೇ ವಾಸಿ ಎನಿಸಿತು. ಹೆಚ್‌ಪಿಗೆ ಮಾತ್ರ ಹೋದ ಜೀವ ಬಂದಿತ್ತು.

"ನೋಡಿ, ನೋಡಿ, ಇದು ಗಾಡಿ ಅಂದ್ರೆ," ಎಂದ. "ಅಲ್ಲ ಭಾವ, ಅವತ್ತು ನಿಮ್ಮ ಕೈಲಿ ಇಂಥ ಇಂಜಿನ್ ಇದ್ದಿದ್ರೆ ಕಥೆನೇ ಬೇರೆ ಆಗ್ತಿತ್ತು. ಅಕ್ಕ ಬಿಡಿ ಅಂದ ತಕ್ಷಣ ಕಣ್ಣು ಮಿಟುಕಿಸೋದರೊಳಗೆ ಆ ಕಡೆ ಇರ್ತಿದ್ರಿ. ನಿಮ್ಮದೂ ತಪ್ಪಿಲ್ಲ, ಅಕ್ಕಂದೂ ತಪ್ಪಿಲ್ಲ. ಆ ಹಳೇ ಗಾಡಿಗೆ ಎಳೆಯೋ ಶಕ್ತಿ ಇರ್ಲಿಲ್ಲ, ಅಷ್ಟೆ."

ಕನ್ನಡಕದಂಗಡಿಯವನಿಗೆ ಕನ್ನಡಿ ನೋಡುವ ಧೈರ್ಯವಾಗಲಿಲ್ಲ.

"ಅಕ್ಕ ಏನಂದ್ಳು ಅಂದೆ?" ಬೆನ್ನ ಹಿಂದಿನಿಂದ ಹೆಂಡತಿಯ ದನಿ ಬಂತು. ದನಿಯೇನೂ ಏರಿರಲಿಲ್ಲ.

"ಬಿಡಿ ಅಂದ್ಯಲ್ಲ ಅಕ್ಕ. ಅದೇನು, ಪಾಪ, ನಿನಗೆ ಆ ವ್ಯಾನು ಕಾಣಿಸಲಿಲ್ಲ."

"ಯಾರು ಹೇಳಿದ್ದು?"

"ಭಾವನೇ ಹೇಳಿದ್ರು. ಎಲ್ಲರಿಗೂ ಗೊತ್ತಲ್ಲ." ಅಲ್ಲಿಗೆ ಹೆಚ್‌ಪಿಗೂ ಏನೋ ಎಡವಟ್ಟಾಗಿದೆ ಎಂದು ತಿಳಿಯಿತು. ಅವನು ಕಿಟಕಿಯ ಕಡೆ ತಿರುಗಿದ.

"ಗಾಡಿ ಪಕ್ಕಕ್ಕೆ ಹಾಕಿ," ಎಂದಳು ಹೆಂಡತಿ.

ಹಾಕಿದ. ಒಂದು ಟೈರಿನ ಅಂಗಡಿಯ ಮುಂದೆ, ಅಡ್ಡಡ್ಡ ಪೇರಿಸಿದ್ದ ಟೈರುಗಳ ಪಕ್ಕದಲ್ಲಿ. ಇಂಜಿನ್ನು ಆರಿಸಿದ ಮೇಲೆ ಒಳಗೆ ಎಲ್ಲರ ಉಸಿರೂ ಕೇಳತೊಡಗಿತು. ಗಾಳಿಯ ಕಿಂಡಿಗಳನ್ನು ಸ್ವಲ್ಪ ಹೊತ್ತಿನ ಹಿಂದೆ ಹೊಗಳಿದ್ದ ಮಾರಾಟದಾಕೆ ಈಗ ತನ್ನ ಬಳೆಯನ್ನು ತಿರುಗಿಸುತ್ತಾ ಕೂತಳು.

"ಊರಿಗೆಲ್ಲ ಹೀಗೆ ಹೇಳಿದ್ರಾ?"

"ನೀನೇ ಅಂದದ್ದಲ್ವಾ," ಎಂದ ಅವನು ಸ್ಟಿಯರಿಂಗಿಗೆ. "ನಾನು ಬಿಡ್ಲಾ ಅಂದೆ. ನೀನು ಪರವಾಗಿಲ್ಲ, ಬಿಡಿ ಅಂದೆ. ನಾನು ಬಿಟ್ಟೆ. ನಿನ್ನನ್ನ ದೂರಬೇಕು ಅಂತಲ್ಲ. ಒಂದು ದಿನವಾದ್ರೂ ನಿನ್ನ ಮುಂದೆ ಅಂದಿದ್ದೀನಾ?"

ಹೆಂಡತಿ ಒಂದೊಂದೇ ಮಾತನ್ನು ತೂಕ ಮಾಡಿ ಇಟ್ಟಹಾಗೆ ಹೇಳಿದಳು.

"ನೀವು ಹೊತ್ತಾಯ್ತು ಹೊತ್ತಾಯ್ತು ಅಂತ ಬಡ್ಕೋತಿದ್ರಿ. ಆ ಕಡೆಯಿಂದ ವ್ಯಾನು ಬರ್ತಾ ಇತ್ತು. ನನಗೆ ಚೆನ್ನಾಗೇ ಕಾಣಿಸ್ತು. ಹೊತ್ತಾದ್ರೆ ಆಗಲಿ, ಪರವಾಗಿಲ್ಲ, ಬಿಡಿ ಅಂದೆ. ಬಿಡಿ ಅಂದ್ರೆ, ಬಿಡಿ ಅಂತ. ಬೇಡ ಅಂತ."

ಕನ್ನಡಕದಂಗಡಿಯವನು ಆ ಮಾತನ್ನು ಬಾಯೊಳಗೇ ಒಂದು ಸಲ ಆಡಿ ನೋಡಿದ. ಪರವಾಗಿಲ್ಲ, ಬಿಡಿ. ಗಾಡಿ ಬಿಡಿ ಎಂದರೂ ಅದೇ, ಆ ಯೋಚನೆ ಬಿಡಿ ಎಂದರೂ ಅದೇ. ಹುಟ್ಟಿದಾಗಿನಿಂದ ಆಡಿದ ಮಾತು. ಅದಕ್ಕೆ ಎರಡು ಮುಖವಿದೆಯೆಂದು ಅವನಿಗೆ ಇದುವರೆಗೂ ಹೊಳೆದಿರಲಿಲ್ಲ. ಗಿರಾಕಿಗಳಿಗೆ ಇದೋ ಅದೋ ಎಂದು ಬಿಡಿಸಿ ಬಿಡಿಸಿ ಕೇಳುವವನು ಹೆಂಡತಿಯ ಹತ್ತಿರ ಒಂದೇ ಪದದಲ್ಲಿ ಕೇಳಿ, ಒಂದೇ ಪದದಲ್ಲಿ ಉತ್ತರ ಹಿಡಿದು, ಅವಳ ಮೂಳೆ ಮುರಿಸಿದ್ದ.

"ನಾನು ಬೇಡ ಅಂದದ್ದು ಕೇಳಿಸಿಕೊಂಡೂ ನೀವು ನುಗ್ಗಿದ್ರಿ ಅಂತ ಅಂದುಕೊಂಡಿದ್ದೆ," ಎಂದಳು ಅವಳು. "ಇಷ್ಟು ದಿನ. ಊಟಕ್ಕೆ ಹೊತ್ತಾಗುತ್ತೆ ಅಂತ ನನ್ನ ಮಾತು ಮೀರಿದ್ರಿ ಅಂತ. ಅದನ್ನ ಬಾಯಿ ಬಿಟ್ಟು ಕೇಳಿದ್ರೆ ಎಲ್ಲಿ ಹೌದು ಅಂತೀರೋ ಅನ್ನೋ ಭಯಕ್ಕೆ ಕೇಳಲಿಲ್ಲ. ಹಿಂದೆ ಕೂತೆ."

ಅವನು ಈಗ ತಿರುಗಿದ. ಸೀಟಿನ ಬೆಲ್ಟು ಕೊರಳಿಗೆ ಉರುಳಿನಂತೆ ಬಿಗಿಯಿತು, ಆದರೂ ತಿರುಗಿದ. ಅವಳ ಮುಖ ಪೂರ್ತಿಯಾಗಿ ಕಾಣಿಸಿತು. ಅವಳು ಅಳುತ್ತಿರಲಿಲ್ಲ. ಅವನಿಗೆ ಒಂದು ಕ್ಷಣ ಬದುಕಿದೆ ಎನ್ನಿಸಿತು. ಅವನು ಅವಳ ಮಾತು ಮೀರಿರಲಿಲ್ಲ, ಅವಳು ಅವನನ್ನು ವ್ಯಾನಿನ ಬಾಯಿಗೆ ದೂಡಿರಲಿಲ್ಲ.

"ನೋಡು, ಹಾಗಾದ್ರೆ ಇಬ್ಬರದೂ ತಪ್ಪಿಲ್ಲ," ಎಂದು ಶುರುಮಾಡಿದ. "ಆ ಮಾತಿಂದೇ ತಪ್ಪು..."

"ಮಾತಿನ ತಪ್ಪಾಗಿದ್ರೆ ಊರಲ್ಲೆಲ್ಲ ನನ್ನ ಹೆಸರು ಯಾಕೆ ಹೇಳಿದ್ರಿ? ನನ್ನ ತಮ್ಮನಿಗೆ ಗೊತ್ತು. ನನ್ನ ಅಕ್ಕನಿಗೂ ಗೊತ್ತಿರಬೇಕು. ನೋಡೋಕೆ ಬಂದವರೆಲ್ಲ ನನ್ನ ಕಡೆ ಅಯ್ಯೋ ಪಾಪ ಅಂತ ನೋಡ್ತಿದ್ದದ್ದು ಸೊಂಟ ಮುರೀತು ಅಂತ ಅಂದುಕೊಂಡಿದ್ದೆ. ತಾನೇ ತಂದುಕೊಂಡ್ಳು ಅಂತ ನೋಡ್ತಿದ್ರು."

ಇದಕ್ಕೆ ಅವನ ಹತ್ತಿರ ಇದ್ದ ಉತ್ತರಗಳೆಲ್ಲ ಬಾಯಿಗೆ ಬರುವ ಮೊದಲೇ ಅವನಿಗೇ ನಾಚಿಕೆ ತಂದವು. ನಾಲ್ಕು ಜನರ ಮುಂದೆ ತನ್ನ ತಲೆ ಉಳಿಸಿಕೊಳ್ಳಲು ತಪ್ಪನ್ನು ಹಾಸಿಗೆ ಹಿಡಿದವಳ ತಲೆಗೆ ಕಟ್ಟಿದ್ದ, ಅದನ್ನು ದೊಡ್ಡ ಮನಸ್ಸು ಎಂದು ಕರೆದುಕೊಂಡಿದ್ದ.

"ತಪ್ಪಾಯ್ತು," ಎಂದ.

ಕಾರಿನೊಳಗಿದ್ದ ಎಲ್ಲರೂ, ಮಾರಾಟದಾಕೆಯೂ ಸೇರಿ, ಮುಂದಿನ ಮಾತು ಯಾವುದೆಂದು ಬಲ್ಲವರಂತೆ ಕಾದರು. ಅವನಂತೂ ಆ ಮಾತಿಗಾಗಿ ಹಸಿದು ಕೂತಿದ್ದ. ಒಮ್ಮೆ ಅವಳು ಪರವಾಗಿಲ್ಲ ಅಂದುಬಿಟ್ಟರೆ ಎಲ್ಲ ಸರಿಹೋಗುತ್ತದೆ, ಕಾರು ತೆಗೆದುಕೊಂಡು ಮನೆಗೆ ಹೋಗಬಹುದು.

"ಪರವಾಗಿದೆ," ಎಂದಳು ಹೆಂಡತಿ.

ಅಂಥ ಮಾತನ್ನು ಯಾರೂ ಆಡುವುದಿಲ್ಲ. ಆಡಿದವಳಿಗೂ ಅದು ಹೊಸದು. ಹೇಳಿದ ಮೇಲೆ ತಾನೇ ಒಂದು ಕ್ಷಣ ಅದನ್ನು ಕೇಳಿಸಿಕೊಂಡಳು. ಆಮೇಲೆ ಇನ್ನೊಂದು ಸಲ ಹೇಳಿದಳು. "ಪರವಾಗಿದೆ ರೀ. ತುಂಬಾ ಪರವಾಗಿದೆ."

ಅವನ ಕಣ್ಣು ತುಂಬಿತು. ಆಸ್ಪತ್ರೆಯಲ್ಲಿ ಅವಳು ಪರವಾಗಿಲ್ಲ ಎಂದಾಗ ಹಗುರಾಗದ ಎದೆ ಈಗ, ಏಟು ತಿಂದ ಮೇಲೆ, ಯಾಕೋ ಸ್ವಲ್ಪ ಸಡಿಲವಾಯಿತು. ಅವಳು ಕಡೆಗೂ ತನ್ನ ಹತ್ತಿರ ಜಗಳಕ್ಕೆ ಬಂದಿದ್ದಾಳೆ ಎಂಬ ಸಮಾಧಾನವೇ ಇರಬೇಕು.

ಹೆಂಡತಿ ಬಾಗಿಲು ತೆರೆದು ಇಳಿದಳು. ನಡೆದೇ ಹೊರಟುಹೋಗುತ್ತಾಳೆ ಎಂದುಕೊಂಡ. ಅವಳು ಕಾರಿನ ಹಿಂದಿನಿಂದ ಸುತ್ತಿ ಬಂದು ಮುಂದಿನ ಎಡ ಕಿಟಕಿಯ ಗಾಜು ತಟ್ಟಿದಳು.

"ಮೇಡಂ, ನೀವು ಸ್ವಲ್ಪ ಹಿಂದೆ ಕೂರ್ತೀರಾ?"

"ಕಂಪನಿ ನಿಯಮ ಇದೆ ಮೇಡಂ, ನಾನು ಮುಂದೇ..." ಎನ್ನುತ್ತಾ ಮಾರಾಟದಾಕೆ ಅವಳ ಮುಖ ನೋಡಿದಳು. ಬೆಲ್ಟು ಬಿಚ್ಚಿಕೊಂಡಳು. "ಕೂರ್ತೀನಿ ಬನ್ನಿ."

ಹೆಂಡತಿ ಮೊದಲು ಸೀಟಿನ ಅಂಚಿಗೆ ಕೂತು, ಆಮೇಲೆ ಒಂದೊಂದೇ ಕಾಲನ್ನು ಒಳಗೆ ತೆಗೆದುಕೊಂಡಳು. ಬೆಲ್ಟು ಎಡ ಭುಜದ ಹಿಂದೆ ಇತ್ತು. ಆ ಕೈ ಅಲ್ಲಿಗೆ ಏಳುತ್ತಿರಲಿಲ್ಲ. ಬಲಗೈಯನ್ನು ಎದೆಯ ಮೇಲಿಂದ ಹಾಯಿಸಿ ತಡಕಾಡಿದಳು. ಅವನು ಸಹಾಯಕ್ಕೆ ಕೈ ಚಾಚಿದ.

"ಬೇಡ," ಎಂದಳು. ತಾನೇ ಎಳೆದು ಹಾಕಿಕೊಂಡಳು. ಆಮೇಲೆ ಎದುರಿನ ಗಾಜನ್ನು ನೋಡುತ್ತಾ ಹೇಳಿದಳು. "ಕೋಪ ಹೋಗಿಲ್ಲ. ಹೋಗುತ್ತೋ ಇಲ್ಲವೋ ಗೊತ್ತಿಲ್ಲ. ಹಿಂದೆ ಕೂತು ಕಣ್ಣು ಮುಚ್ಚಿಕೊಳ್ಳೋದು ನನಗೆ ಸಾಕಾಯ್ತು, ಅದಕ್ಕೆ ಬಂದೆ. ಆ ನಾಲ್ಕು ರಸ್ತೆಗೆ ಹೋಗೋಣ ನಡೀರಿ."

"ಇವತ್ತೇ ಯಾಕೆ..."

"ಇವತ್ತೇ. ಇನ್ನು ಮೇಲೆ ಬಿಡ್ಲಾ ಅಂತ ಕೇಳ್ಬೇಡಿ. ಹೋಗ್ಲಾ ಅಂತ ಕೇಳಿ. ನಾನು ಹೋಗಿ ಅಂತೀನಿ, ಇಲ್ಲ ನಿಲ್ಲಿ ಅಂತೀನಿ. ಬೇರೆ ಏನೂ ಅನ್ನಲ್ಲ."

ಅವನು ಇಂಜಿನ್ನು ಚಾಲೂ ಮಾಡಿದ. ಕಾಲೊತ್ತಿದರೆ ಟರ್ಬೊ ತನ್ನ ಚಾಳಿಯಂತೆ ಒಂದು ಗಳಿಗೆ ಸುಮ್ಮನಿದ್ದು ಆಮೇಲೆ ನುಗ್ಗಿತು.

"ಈ ಇಂಜಿನ್ ಬೇಡ," ಎಂದಳು ಹೆಂಡತಿ. "ನಿಮ್ಮ ಥರಾನೇ ಇದೆ. ಹೇಳಿದ್ದು ಕೇಳಿಸೋದು ತಡ, ನುಗ್ಗೋದು ಜೋರು."

ಹಿಂದಿನಿಂದ ಮಾರಾಟದಾಕೆ ತಡೆಯಲಾರದೆ ನಕ್ಕು, ನಕ್ಕದ್ದಕ್ಕೆ ಕೆಮ್ಮಿದಳು. ಹೆಚ್‌ಪಿ ಟರ್ಬೊ ಪರವಾಗಿ ಒಂದು ಮಾತೂ ಆಡಲಿಲ್ಲ. ಕನ್ನಡಕದಂಗಡಿಯವನಿಗೆ ನಗಬೇಕೋ ಅಳಬೇಕೋ ತಿಳಿಯದ ಸ್ಥಿತಿ.

ನಾಲ್ಕು ರಸ್ತೆ ಬಂತು. ಅವನು ನಿಲ್ಲಿಸಿದ. ಬಲಕ್ಕೆ ನೋಡಿದ, ಖಾಲಿ.

"ಹೋಗ್ಲಾ?"

"ನಿಲ್ಲಿ."

ಎಡಗಡೆಯಿಂದ ಒಂದು ಲಾರಿ ನೆಲ ನಡುಗಿಸುತ್ತಾ ಹಾದುಹೋಯಿತು. ಅದರ ಗಾಳಿಗೆ ಕಾರು ಅಲುಗಾಡಿತು. ಹೆಂಡತಿಯ ಭುಜ ಮುದುರಿಕೊಂಡಿತು. ಕಣ್ಣು ಮಾತ್ರ ಮುಚ್ಚಲಿಲ್ಲ.

"ಹೋಗ್ಲಾ?"

"ನಿಲ್ಲಿ."

ಒಂದು ಸೈಕಲ್ಲು ಹೋಯಿತು. ಆಮೇಲೆ ಏನೂ ಇರಲಿಲ್ಲ. ಅವಳು ಪಕ್ಕದಲ್ಲಿರುವಾಗ ಮೊದಲ ಸಲ ಅವನು ತಾನೇ ಎಡಕ್ಕೆ ಕತ್ತು ಚಾಚಿ ನೋಡಿದ. ದೂರದ ತಿರುವಿನವರೆಗೂ ರಸ್ತೆ ಬಣಗುಡುತ್ತಿತ್ತು. ಬಲಗಡೆಯೂ ಅಷ್ಟೇ. ಹಿಂದೆ ಹಾರ್ನುಗಳು ಶುರುವಾದವು. ಯಾರೋ ಕಿಟಕಿಯಿಂದ ತಲೆ ಹೊರಹಾಕಿ, ನಿದ್ದೆ ಬಂತೇನಯ್ಯಾ ಎಂದು ಕೂಗಿದ. ಹೆಚ್‌ಪಿ ಬಾಯಿ ತೆರೆದ. ಮಾರಾಟದಾಕೆ ಅವನ ಮೊಣಕಾಲಿನ ಮೇಲೆ ಕೈಯಿಟ್ಟು ಅದುಮಿದಳು.

"ಹೋಗ್ಲಾ?" ಎಂದು ಅವನು ಮೆಲ್ಲಗೆ ಕೇಳಿದ.

ಹೆಂಡತಿ ಆ ಖಾಲಿ ರಸ್ತೆಯನ್ನು ನೋಡುತ್ತಲೇ ಇದ್ದಳು.

"ನಿಲ್ಲಿ," ಎಂದಳು.

ಅವನು ಬ್ರೇಕಿನ ಮೇಲಿಂದ ಕಾಲು ತೆಗೆಯಲಿಲ್ಲ.